ಏಳು ತಿಂಗಳ ಮಗುವಿನ ಕೆನ್ನೆಯ ಇಸುಬು: ಈ ಮಳೆಗಾಲದಲ್ಲಿ ನೀವು ಹೇಗೆ ನಿಭಾಯಿಸುತ್ತಿದ್ದೀರಿ?

ಕಡಲತಡಿಯ ಅಮ್ಮ, ಕಾರವಾರ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಏಳು ತಿಂಗಳು. ನಾಲ್ಕನೆಯ ತಿಂಗಳಿನಲ್ಲಿ ಅವಳ ಎರಡೂ ಕೆನ್ನೆಗಳ ಮೇಲೆ ಒರಟಾದ ಕೆಂಪು ಕಲೆಗಳು ಎದ್ದವು. ಜೊಲ್ಲು ತಾಗಿ ಹಾಗಾಗಿರಬೇಕೆಂದು ಸುಮ್ಮನಿದ್ದೆವು. ಮೇ ತಿಂಗಳ ಸೆಕೆಯಲ್ಲಿ ಅದು ಹಣೆಗೆ, ಕಿವಿಯ ಹಿಂದಕ್ಕೆ, ಮೊಣಕಾಲಿನ ಮುಂಭಾಗಕ್ಕೆ ಹರಡಿತು. ಮಳೆ ಹಿಡಿದ ಮೇಲಂತೂ ಕೆನ್ನೆಯಿಂದ ತೆಳ್ಳಗಿನ ನೀರು ಒಸರುತ್ತಿದೆ. ಹಗಲು ಆಟದಲ್ಲಿ ಮರೆತಿರುತ್ತಾಳೆ. ರಾತ್ರಿಯಾದರೆ ಮುಖವನ್ನು ನನ್ನ ಭುಜಕ್ಕೆ ಉಜ್ಜಿ ಉಜ್ಜಿ ಅಳುತ್ತಾಳೆ. ಬೆಳಿಗ್ಗೆ ನೋಡಿದರೆ ತಲೆಯಡಿ ಹಾಸಿದ ಹಳೆಯ ಪಂಚೆಯ ತುಂಡಿನ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ರಕ್ತದ ಚುಕ್ಕೆಗಳಿರುತ್ತವೆ.

ಮಕ್ಕಳ ವೈದ್ಯರು ಇದನ್ನು ಅಟೋಪಿಕ್ ಎಕ್ಸಿಮಾ ಎಂದರು. ಒಂದು ಮಾಯಿಶ್ಚರೈಸರ್ ಮತ್ತು 1 ಶೇಕಡಾ ಹೈಡ್ರೊಕಾರ್ಟಿಸೋನ್ ಮುಲಾಮು ಬರೆದುಕೊಟ್ಟರು. ಮುಲಾಮು ಹಚ್ಚಿದ ಎರಡನೆಯ ದಿನವೇ ಕೆನ್ನೆ ತಿಳಿಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯವರು, ‘ಅದು ಸ್ಟೀರಾಯ್ಡ್, ಮಗುವಿನ ಚರ್ಮ ಸತ್ತುಹೋಗುತ್ತದೆ’ ಎಂದು ಹೆದರಿಸಿದ್ದರಿಂದ ನಿಲ್ಲಿಸಿದೆ. ನಾಲ್ಕೇ ದಿನಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ನಾನು ಮೀನು ತಿನ್ನುವುದರಿಂದ ಹಾಲಿನ ಮೂಲಕ ನಂಜು ಇಳಿಯುತ್ತಿದೆ ಎನ್ನುವುದು ಅತ್ತೆಯವರ ನಂಬಿಕೆ. ಪ್ರತಿದಿನ ಕೊಬ್ಬರಿ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಕಡಲೆಹಿಟ್ಟಿನಲ್ಲಿ ಉಜ್ಜಿ ಮೀಯಿಸುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಸ್ನಾನವಾದ ಅರ್ಧ ಗಂಟೆಗೆ ಮಗುವಿನ ಮೈ ಇನ್ನಷ್ಟು ಕೆಂಪಾಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಗಂಗಾವಳಿ ದಂಡೆ, ಅಂಕೋಲಾ

ನನ್ನ ಮಗನಿಗೆ ಒಂದೂವರೆ ವರ್ಷ, ನಮ್ಮದೂ ಇದೇ ಪರಿಸ್ಥಿತಿ. ಪಂಚೆಯ ಮೇಲಿನ ರಕ್ತದ ಚುಕ್ಕೆಗಳ ವಿಷಯ ಓದಿದಾಗ ನಮ್ಮ ಮನೆಯನ್ನೇ ನೋಡಿದಂತಾಯಿತು.

ಹೊನ್ನಾವರದ ಅಜ್ಜಿ

ನಾನು ನಾಲ್ಕು ಮಕ್ಕಳನ್ನೂ ಆರು ಮೊಮ್ಮಕ್ಕಳನ್ನೂ ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದವಳು. ಎಣ್ಣೆನೀರು ಇಲ್ಲದೆ ನಮ್ಮಲ್ಲಿ ಯಾವ ಮಗುವೂ ಬೆಳೆದಿಲ್ಲ. ಹುಟ್ಟಿದಾಗಿನಿಂದ ಸರಿಯಾಗಿ ಎಣ್ಣೆ ಹಚ್ಚಿದ್ದರೆ ಚರ್ಮ ಇಷ್ಟು ಒಣಗುತ್ತಿರಲಿಲ್ಲ. ಬಾಣಂತಿ ಬದನೆಕಾಯಿ, ಬಂಗಡೆ, ಸಿಗಡಿ ಬಿಟ್ಟು ಪಥ್ಯ ಮಾಡಬೇಕು. ಈಗಿನವರು ಪಥ್ಯವನ್ನೂ ಬಿಡುತ್ತಾರೆ, ಬಿಸಿನೀರನ್ನೂ ಬಿಡುತ್ತಾರೆ, ಆಮೇಲೆ ಟ್ಯೂಬು ಹುಡುಕುತ್ತಾರೆ.

ನಿವೃತ್ತ ದಾದಿ, ಕುಮಟಾ

ಅಜ್ಜಿಯವರ ಕೈಗುಣದ ಮೇಲೆ ನನಗೆ ಗೌರವವಿದೆ. ಆದರೆ ಎರಡು ವಿಷಯಗಳಲ್ಲಿ ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದು, ತಾಯಿ ಎಣ್ಣೆ ಹಚ್ಚಲಿಲ್ಲವೆಂದು ಇಸುಬು ಬಂತು ಎನ್ನುವುದು. ಹುಟ್ಟಿದಾಗಿನಿಂದ ದಿನವೂ ಮೈಗೆ ಜಿಡ್ಡು ಹಚ್ಚಿದರೆ ಇಸುಬನ್ನು ತಡೆಯಬಹುದೇ ಎಂದು ಬ್ರಿಟನ್ನಿನಲ್ಲಿ ಒಂದು, ನಾರ್ವೆ ಮತ್ತು ಸ್ವೀಡನ್ನಿನಲ್ಲಿ ಇನ್ನೊಂದು, ಹೀಗೆ ಎರಡು ದೊಡ್ಡ ಅಧ್ಯಯನಗಳು ನಡೆದು 2020ರಲ್ಲಿ ಪ್ರಕಟವಾದವು. ತಡೆಯಲಾಗುವುದಿಲ್ಲ ಎನ್ನುವುದೇ ಎರಡರ ಫಲಿತಾಂಶ. ಬಂದ ಮೇಲೆ ಜಿಡ್ಡು ಅತ್ಯಗತ್ಯ, ಅದು ಬೇರೆ ಮಾತು. ಆದ್ದರಿಂದ ಕಾರವಾರದ ತಾಯಿ ಈ ಒಂದು ತಪ್ಪಿತಸ್ಥ ಭಾವವನ್ನು ಇಂದೇ ಕೆಳಗಿಳಿಸಬೇಕು. ಇದು ಬಹುಮಟ್ಟಿಗೆ ರಕ್ತದಲ್ಲಿ ಬರುವ ಪ್ರವೃತ್ತಿ. ಅಪ್ಪನಿಗೋ ಅಮ್ಮನಿಗೋ ದಮ್ಮು, ಬೆಳಗಿನ ಹೊತ್ತಿನ ಸರಣಿ ಸೀನು, ಚಿಕ್ಕಂದಿನ ಇಸುಬು ಇದ್ದ ಮನೆಗಳಲ್ಲಿ ಹೆಚ್ಚು.

ಎರಡನೆಯದು ಸ್ನಾನ. ನಮ್ಮ ಕಡೆಯ ಹಂಡೆಯ ನೀರು ಹೊಗೆಯಾಡುವಷ್ಟು ಬಿಸಿ ಇರುತ್ತದೆ. ಬಾಣಂತಿಯ ಸೊಂಟಕ್ಕೆ ಅದು ಹಿತವಾಗಿರಬಹುದು, ಇಸುಬು ಇರುವ ಮಗುವಿನ ಚರ್ಮಕ್ಕೆ ಅದೇ ಬೆಂಕಿ. ನಿಮ್ಮ ಮೊಣಕೈಯನ್ನು ನೀರಿನಲ್ಲಿ ಅದ್ದಿದರೆ ಬಿಸಿಯೆಂದೂ ತಣ್ಣಗೆಂದೂ ಅನ್ನಿಸಬಾರದು, ಅಷ್ಟು ಸಾಕು. ಐದರಿಂದ ಹತ್ತು ನಿಮಿಷಕ್ಕೆ ಮುಗಿಸಿ. ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿ, ಅಂಟವಾಳ ಇವೆಲ್ಲ ಇರುವ ಜಿಡ್ಡನ್ನು ತೆಗೆಯುವುದಕ್ಕಾಗಿಯೇ ಇರುವ ವಸ್ತುಗಳು. ಇರುವುದೇ ಕಡಿಮೆಯಾದ ಮಗುವಿನಿಂದ ಅದನ್ನೂ ಉಜ್ಜಿ ತೆಗೆಯುವುದು ಸರಿಯಲ್ಲ. ಸಾಮಾನ್ಯ ಸಾಬೂನು ಕೂಡ ಕ್ಷಾರಗುಣದ್ದು, ಅದರ ಪಿಎಚ್ 9ರಿಂದ 10ರಷ್ಟಿರುತ್ತದೆ. ಚರ್ಮದ ಮೇಲ್ಮೈ ಮಾತ್ರ ತುಸು ಆಮ್ಲೀಯ. ವಾಸನೆಯಿಲ್ಲದ, ನೊರೆ ಬಾರದ ಮಗುವಿನ ಕ್ಲೆನ್ಸರನ್ನು ಕಂಕುಳು, ತೊಡೆಸಂದಿಗೆ ಮಾತ್ರ ಬಳಸಿದರೂ ನಡೆಯುತ್ತದೆ.

ಸ್ನಾನವಾದ ಮೇಲೆ ಉಜ್ಜಿ ಒರೆಸಬೇಡಿ. ಮೆತ್ತಗಿನ ಬಟ್ಟೆಯನ್ನು ಒತ್ತಿ ಒತ್ತಿ ನೀರು ತೆಗೆದು, ಮೈಯಲ್ಲಿ ಇನ್ನೂ ತೇವದ ಪಸೆ ಇರುವಾಗಲೇ, ಅಂದರೆ ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್ ಹಚ್ಚಿ ಮುಗಿಸಿ. ಆ ಮೂರು ನಿಮಿಷದಲ್ಲಿ ಲೋಬಾನದ ಹೊಗೆ ಹಿಡಿಯುವುದು, ಪೌಡರು ಬಳಿಯುವುದು, ಕಾಡಿಗೆ ಇಡುವುದು ಎಂದು ತಡ ಮಾಡಿದರೆ ನೀರೆಲ್ಲ ಆರಿ ಚರ್ಮ ಮೊದಲಿಗಿಂತ ಹೆಚ್ಚು ಒಣಗುತ್ತದೆ. ಹೊಗೆ ಮತ್ತು ಪೌಡರನ್ನಂತೂ ಪೂರ್ತಿ ಬಿಟ್ಟುಬಿಡಿ.

ಹೊನ್ನಾವರದ ಅಜ್ಜಿ

ಮೊಣಕೈ ಅದ್ದಿ ನೋಡುವುದನ್ನು ನನ್ನ ತಾಯಿಯೂ ಹೇಳುತ್ತಿದ್ದಳು, ಅದನ್ನು ಒಪ್ಪಿದೆ. ಆದರೆ ಕೊಬ್ಬರಿ ಎಣ್ಣೆ ಕೆಟ್ಟದ್ದು ಎಂದರೆ ಒಪ್ಪುವುದಿಲ್ಲ.

ನಿವೃತ್ತ ದಾದಿ, ಕುಮಟಾ

ಕೆಟ್ಟದ್ದು ಎಂದು ನಾನೂ ಹೇಳುವುದಿಲ್ಲ ಅಜ್ಜಿ. ಫಿಲಿಪ್ಪೀನ್ಸಿನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯಲ್ಲಿ, ಸೌಮ್ಯ ಮತ್ತು ಮಧ್ಯಮ ಇಸುಬಿಗೆ ಖನಿಜ ತೈಲಕ್ಕಿಂತ ವರ್ಜಿನ್ ಕೊಬ್ಬರಿ ಎಣ್ಣೆ ಹೆಚ್ಚು ಪ್ರಯೋಜನ ಕೊಟ್ಟಿದೆ. ಅದು ಪ್ರಕಟವಾಗಿದ್ದು 2014ರಲ್ಲಿ. ಹಾಗಾಗಿ ಎಣ್ಣೆಯನ್ನು ಮೀಯುವ ಮೊದಲು ಹಚ್ಚಿ ಹಿಟ್ಟಿನಲ್ಲಿ ಉಜ್ಜಿ ತೆಗೆಯುವ ಬದಲು, ಮಿಂದ ಮೇಲೆ ತೆಳ್ಳಗೆ ಹಚ್ಚಿ ಹಾಗೆಯೇ ಬಿಡಿ. ನೀರು ಒಸರುವ, ಕೆಂಪಾಗಿ ಉರಿಯುವ ಜಾಗಕ್ಕೆ ಮಾತ್ರ ಎಣ್ಣೆಯೊಂದರಿಂದಲೇ ಗುಣವಾಗುವುದಿಲ್ಲ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಎರಡೂ ಬೇಡ. ಒಂದು ಉರಿಸುತ್ತದೆ, ಇನ್ನೊಂದು ಚರ್ಮದ ಮೇಲ್ಪದರವನ್ನು ಸಡಿಲ ಮಾಡುತ್ತದೆ.

ಬೆಟ್ಟದ ತೋಟ, ಶಿರಸಿ

ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಮುರುಗಲು ಬೀಜದಿಂದ ತೆಗೆದ ತುಪ್ಪ ಇರುತ್ತದೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುವುದು ಅದನ್ನೇ. ಉಂಡೆ ಕಟ್ಟಿಟ್ಟರೆ ವರ್ಷವಿಡೀ ಗಟ್ಟಿಯಾಗಿರುತ್ತದೆ, ಕೈಯಲ್ಲಿ ಉಜ್ಜಿದರೆ ಮಾತ್ರ ಕರಗುತ್ತದೆ. ನನ್ನ ಮಗಳ ಮೊಣಕೈಗೆ ಡಿಸೆಂಬರಿನ ಒಣ ಗಾಳಿಯಲ್ಲಿ ಇದರಿಂದ ಒಳ್ಳೆಯ ಆರಾಮ ಸಿಕ್ಕಿತು. ಶಿಶುವಿನ ಕೆನ್ನೆಗೆ ಹಚ್ಚಬಹುದೇ?

ಸಿದ್ದಾಪುರದ ವೈದ್ಯೆ

ನಾನು ಚರ್ಮರೋಗ ವಿಭಾಗದಲ್ಲಿ ಸ್ನಾತಕೋತ್ತರ ಅಭ್ಯಾಸ ಮಾಡುತ್ತಿದ್ದೇನೆ. ಮುರುಗಲು ತುಪ್ಪ ಒಳ್ಳೆಯ ಜಿಡ್ಡು. ಆದರೆ ಮನೆಯಲ್ಲಿ ಮಾಡಿದ ಉಂಡೆಯಲ್ಲಿ ಹೊಗೆಯ ಮಸಿ, ಬೀಜದ ಚೂರು ಸೇರಿರುವುದುಂಟು; ಗಟ್ಟಿಯಾದದ್ದನ್ನು ಒಸರುವ ಕೆನ್ನೆಯ ಮೇಲೆ ತಿಕ್ಕಿದರೆ ಗಾಯವಾಗುತ್ತದೆ. ಗಾಯವಿಲ್ಲದ ಒಣ ಜಾಗಕ್ಕೆ, ಮೊದಲು ತೋಳಿನ ಒಂದು ಚಿಕ್ಕ ಭಾಗದಲ್ಲಿ ಎರಡು ಮೂರು ದಿನ ಹಚ್ಚಿ ನೋಡಿದ ಮೇಲೆ ಬಳಸಿ.

ಯಾವ ಮಾಯಿಶ್ಚರೈಸರ್ ಶ್ರೇಷ್ಠ ಎಂದು ಬಹಳ ತಾಯಂದಿರು ಕೇಳುತ್ತಾರೆ. ಲೋಷನ್, ಕ್ರೀಮ್, ಜೆಲ್, ಮುಲಾಮು ಎಂಬ ನಾಲ್ಕು ಬಗೆಗಳನ್ನು 550 ಮಕ್ಕಳಲ್ಲಿ ಹೋಲಿಸಿದ ಬ್ರಿಟಿಷ್ ಅಧ್ಯಯನವೊಂದು 2022ರಲ್ಲಿ ಹೊರಬಂತು. ಯಾವುದೂ ಇನ್ನೊಂದಕ್ಕಿಂತ ಮೇಲೆಂದು ಕಂಡುಬರಲಿಲ್ಲ. ಆದ್ದರಿಂದ ಸಾವಿರ ರೂಪಾಯಿಯ ಡಬ್ಬಿ ಕೊಳ್ಳಲಾಗಲಿಲ್ಲವೆಂದು ಕೊರಗಬೇಡಿ. ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ, ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಅದು ಬೆವರು ಕಟ್ಟಿ ಬೆವರುಸಾಲೆ ಎಬ್ಬಿಸಿದರೆ ಹಗಲಿಗೆ ಕ್ರೀಮು, ರಾತ್ರಿಗೆ ಜೆಲ್ಲಿ ಎಂದು ಹಂಚಿಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಪ್ರಮಾಣದಲ್ಲಿ. ಒಂದು ಸಣ್ಣ ಟ್ಯೂಬನ್ನು ಎರಡು ತಿಂಗಳು ಓಡಿಸುತ್ತಾರೆ. ಮೈತುಂಬ ಒಣಗಿದ ಶಿಶುವಿಗೆ ವಾರಕ್ಕೆ ನೂರು ಗ್ರಾಂ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ಡಬ್ಬಿಗೆ ಬೆರಳು ಅದ್ದಬೇಡಿ, ತೊಳೆದು ಒಣಗಿಸಿದ ಚಮಚದಿಂದ ತೆಗೆಯಿರಿ. ಕೂದಲು ಬೆಳೆಯುವ ದಿಕ್ಕಿನಲ್ಲಿ ಸವರಿ.

ಅಘನಾಶಿನಿ ತೀರ, ಕುಮಟಾ

ಸ್ಟೀರಾಯ್ಡ್ ವಿಷಯದಲ್ಲಿ ನನ್ನ ಅನುಭವ ಬೇರೆ, ಇದನ್ನು ದಯವಿಟ್ಟು ಎಲ್ಲರೂ ಓದಬೇಕು. ಎರಡು ವರ್ಷಗಳ ಹಿಂದೆ ಮಗನಿಗೆ ಹತ್ತು ತಿಂಗಳಿದ್ದಾಗ, ವೈದ್ಯರಲ್ಲಿಗೆ ಹೋಗದೆ ಒಂದು ಔಷಧ ಅಂಗಡಿಯಲ್ಲಿ ‘ಮಗುವಿಗೆ ಕಜ್ಜಿಯಾಗಿದೆ’ ಎಂದು ಹೇಳಿ ಟ್ಯೂಬು ತಂದೆವು. ಹಚ್ಚಿದ ಮರುದಿನವೇ ಮಾಯವಾಯಿತು. ಬಿಟ್ಟರೆ ಮತ್ತೆ ಬರುತ್ತಿತ್ತು, ಮತ್ತೆ ಹಚ್ಚುತ್ತಿದ್ದೆವು. ಹೀಗೆ ಎರಡು ತಿಂಗಳು ಕಳೆದವು. ಕೊನೆಗೆ ಕೆನ್ನೆ ಕನ್ನಡಿಯಂತೆ ಹೊಳೆಯತೊಡಗಿತು, ಒಳಗಿನ ಸಣ್ಣ ರಕ್ತನಾಳಗಳು ದಾರದ ಎಳೆಗಳಂತೆ ಕಾಣತೊಡಗಿದವು. ಚರ್ಮ ವೈದ್ಯರಿಗೆ ತೋರಿಸಿದಾಗ ಅದರಲ್ಲಿ ಬಲವಾದ ಸ್ಟೀರಾಯ್ಡ್, ಶಿಲೀಂಧ್ರದ ಔಷಧ ಮತ್ತು ಆಂಟಿಬಯೋಟಿಕ್ ಮೂರೂ ಬೆರೆತಿವೆ ಎಂದು ತಿಳಿಯಿತು. ಸ್ಟೀರಾಯ್ಡ್ ಎಂದರೆ ಇಂದಿಗೂ ನನ್ನ ಕೈ ನಡುಗುತ್ತದೆ.

ಔಷಧ ಅಂಗಡಿಯವ, ಭಟ್ಕಳ

ಅಘನಾಶಿನಿ ತೀರದವರ ನೋವು ನಿಜ. ಕ್ಲೊಬೆಟಸಾಲ್, ಬೆಟಾಮೆಥಸೋನ್ ಇರುವ ಟ್ಯೂಬುಗಳನ್ನು ಜನ ಹೆಸರು ಹಿಡಿದು ಕೇಳುತ್ತಾರೆ. ಬಣ್ಣ ಬೆಳ್ಳಗಾಗಲು ಕೇಳುವವರೂ ಇದ್ದಾರೆ. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಎಂದರೆ ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ಚೀಟಿ ಕೇಳಿದರೆ ಗಿರಾಕಿ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಆದರೂ ನಾವು ಕೇಳಲೇಬೇಕು. ನೀವು ಮಾಡಬಹುದಾದದ್ದು ಇಷ್ಟೇ: ಟ್ಯೂಬಿನ ಹಿಂಬದಿಯಲ್ಲಿ ಒಂದಕ್ಕಿಂತ ಹೆಚ್ಚು ಔಷಧಗಳ ಹೆಸರಿದ್ದರೆ, ವೈದ್ಯರು ಅದನ್ನೇ ಬರೆದಿಲ್ಲದಿದ್ದರೆ, ಮಗುವಿಗೆ ಹಚ್ಚಬೇಡಿ.

ಕಡಲತಡಿಯ ಅಮ್ಮ, ಕಾರವಾರ

ಇದನ್ನು ಓದಿ ಭಯ ಹೆಚ್ಚಾಯಿತು. ಹಾಗಾದರೆ ನನ್ನ ಮಗಳಿಗೆ ಬರೆದುಕೊಟ್ಟ ಹೈಡ್ರೊಕಾರ್ಟಿಸೋನ್ ಕೂಡ ಇದೇ ಜಾತಿಯದ್ದಲ್ಲವೇ? ಹಚ್ಚಲೋ ಬೇಡವೋ?

ಸಿದ್ದಾಪುರದ ವೈದ್ಯೆ

ಜಾತಿ ಒಂದೇ ಆದರೂ ಬಲ ಒಂದೇ ಅಲ್ಲ. 1 ಶೇಕಡಾ ಹೈಡ್ರೊಕಾರ್ಟಿಸೋನ್ ಸ್ಟೀರಾಯ್ಡುಗಳಲ್ಲಿ ಅತ್ಯಂತ ಸೌಮ್ಯವಾದ ಗುಂಪಿಗೆ ಸೇರಿದೆ, ಕ್ಲೊಬೆಟಸಾಲ್ ಅತ್ಯಂತ ಪ್ರಬಲ ಗುಂಪಿನದು. ಕುಮಟಾದ ಮಗುವಿಗೆ ಹಾನಿಯಾದದ್ದು ಬಲವಾದ ಔಷಧವನ್ನು ಮುಖಕ್ಕೆ, ತಿಂಗಳುಗಟ್ಟಲೆ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಹಚ್ಚಿದ್ದರಿಂದ. ಆ ಭಯವನ್ನು ತಂದು ಸೌಮ್ಯ ಮುಲಾಮಿನ ಮೇಲೆ ಹೊರಿಸಿದರೆ ಮಗು ರಾತ್ರಿಯಿಡೀ ಕೆರೆದುಕೊಳ್ಳುತ್ತದೆ, ಕೆರೆದ ಜಾಗದಲ್ಲಿ ಸೋಂಕು ಸೇರುತ್ತದೆ. ಕೊನೆಗೆ ತಡೆಯಲಾರದೆ ಅಂಗಡಿಯ ಟ್ಯೂಬಿಗೇ ಹೋಗುವ ಮನೆಗಳನ್ನು ನಾನು ಹೊರರೋಗಿ ವಿಭಾಗದಲ್ಲಿ ಪ್ರತಿವಾರ ಕಾಣುತ್ತೇನೆ. ಈ ಎರಡು ತಪ್ಪುಗಳು ಬೆನ್ನಿಗೆ ಬೆನ್ನು ಅಂಟಿಕೊಂಡಿವೆ.

ಎರಡನೆಯ ದಿನ ಕೆನ್ನೆ ತಿಳಿಯಾದ ಕೂಡಲೇ ಹೆದರಿ ನಿಲ್ಲಿಸಿದಿರಲ್ಲ, ಅಲ್ಲೇ ಎಡವಿದ್ದು. ಕೆಂಪು ಇಳಿದರೂ ಒಳಗಿನ ಉರಿಯೂತ ಆರಿರುವುದಿಲ್ಲ. ಬೆರಳಿನಿಂದ ಸವರಿದಾಗ ಒರಟುತನ ಪೂರ್ತಿ ಹೋಗುವವರೆಗೆ, ವೈದ್ಯರು ಹೇಳಿದಷ್ಟು ದಿನ, ದಿನಕ್ಕೆ ಅವರು ಹೇಳಿದಷ್ಟೇ ಬಾರಿ ಹಚ್ಚಬೇಕು. ಅಳತೆಗೆ ಒಂದು ಸುಲಭ ಲೆಕ್ಕವಿದೆ. ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಎಳೆದ ಮುಲಾಮಿನ ಸಾಲು ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಮೂರರಿಂದ ಹನ್ನೆರಡು ತಿಂಗಳ ಮಗುವಿನ ಇಡೀ ಮುಖ ಮತ್ತು ಕುತ್ತಿಗೆಗೆ ಅಂಥ ಒಂದು ಸಾಲು ಸಾಕಾಗುತ್ತದೆ. ಮುಲಾಮು ಕೆಂಪಿರುವಲ್ಲಿಗೆ ಮಾತ್ರ, ಮಾಯಿಶ್ಚರೈಸರ್ ಇಡೀ ಮೈಗೆ. ಎರಡರ ನಡುವೆ ಕಾಲು ಗಂಟೆಯಿಂದ ಅರ್ಧ ಗಂಟೆ ಬಿಡಿ. ವಾಸಿಯಾದ ಮೇಲೆಯೂ ಮಾಯಿಶ್ಚರೈಸರ್ ನಿಲ್ಲಬಾರದು. ಪದೇಪದೇ ಮರುಕಳಿಸುತ್ತಿದ್ದರೆ ಮುಂದೇನು ಮಾಡಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ.

ಇದರ ಮೂಲದ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ಚರ್ಮದ ಹೊರಪದರವನ್ನು ನಮ್ಮ ಊರಿನ ಚಿರೆಕಲ್ಲಿನ ಗೋಡೆಯೆಂದು ಭಾವಿಸಿ. ಕಲ್ಲುಗಳ ನಡುವಿನ ಗಾರೆ ಉದುರಿದರೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು ಒಳಗೆ ಬರುತ್ತದೆ. ಈ ಪದರ ಗಟ್ಟಿಯಾಗಿರಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು. ಅದರ ಜೀನಿನ ದೋಷಕ್ಕೂ ಇಸುಬಿಗೂ ಸಂಬಂಧವಿದೆ ಎನ್ನುವುದು 2006ರಲ್ಲಿ ಗೊತ್ತಾಯಿತು. ಎಲ್ಲ ಮಕ್ಕಳಲ್ಲಿಯೂ ಅದೇ ಕಾರಣವಲ್ಲ. ಆದರೂ ಜಿಡ್ಡು ಹಚ್ಚುವುದೆಂದರೆ ದಿನವೂ ಗಾರೆ ತುಂಬುವ ಕೆಲಸವೆಂದು ನೆನಪಿಟ್ಟರೆ ಬೇಸರವಾಗುವುದಿಲ್ಲ.

ಗಂಗಾವಳಿ ದಂಡೆ, ಅಂಕೋಲಾ

ಮೀನಿನ ನಂಜಿನ ಬಗ್ಗೆ ನಾನು ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಳೆದ ವರ್ಷ ಆ ಎರಡು ತಿಂಗಳು ನಮ್ಮ ಮನೆಯಲ್ಲಿ ತಾಜಾ ಮೀನು ಬರಲೇ ಇಲ್ಲ, ಒಣಮೀನನ್ನೂ ಅತ್ತೆಯವರು ನನಗೆ ಮುಟ್ಟಲು ಕೊಡಲಿಲ್ಲ. ಮಗುವಿನ ಇಸುಬು ಅತಿ ಹೆಚ್ಚಾದದ್ದು ಆ ಎರಡು ತಿಂಗಳಲ್ಲಿಯೇ! ನಾನು ಮಾತ್ರ ಬರಿ ಗಂಜಿ, ತಂಬುಳಿ ಉಂಡು ನಾಲ್ಕು ಕಿಲೋ ಇಳಿದೆ. ಹಾಲೂ ಕಡಿಮೆಯಾಯಿತು.

ಹೊನ್ನಾವರದ ಅಜ್ಜಿ

ಒಂದು ಮನೆಯ ಮಾತಿನಿಂದ ನಿರ್ಣಯ ಮಾಡಲಾಗದು.

ಕಾಳಿ ಸೇತುವೆ, ಸದಾಶಿವಗಡ

ಅಜ್ಜಿಯವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ನಮ್ಮ ಮಗನಿಗೆ ಮೊಟ್ಟೆ ಕೊಟ್ಟ ಹತ್ತು ನಿಮಿಷಕ್ಕೆ ಬಾಯಿಯ ಸುತ್ತ ದದ್ದು ಎದ್ದು ತುಟಿ ಊದಿಕೊಂಡಿತು, ವಾಂತಿಯಾಯಿತು. ಆಹಾರಕ್ಕೂ ಚರ್ಮಕ್ಕೂ ಸಂಬಂಧವೇ ಇಲ್ಲವೆಂದು ಹೇಗೆ ಹೇಳುತ್ತೀರಿ?

ಸಿದ್ದಾಪುರದ ವೈದ್ಯೆ

ಇಲ್ಲವೆಂದು ಹೇಳುವುದಿಲ್ಲ. ನಿಮ್ಮ ಮಗನಿಗೆ ಆದದ್ದು ನಿಜವಾದ ಆಹಾರದ ಅಲರ್ಜಿ. ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಬರುವುದು ಅದರ ಗುರುತು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮಗು ಸೋತು ಬಿದ್ದರೆ ಅದು ತುರ್ತು ಪರಿಸ್ಥಿತಿ. ವೈದ್ಯರು ನೋಡುವವರೆಗೆ ಅವನಿಗೆ ಮೊಟ್ಟೆ ಕೊಡಬೇಡಿ. ಇಸುಬು ಇರುವ ಮಕ್ಕಳಲ್ಲಿ ಇಂಥ ಅಲರ್ಜಿ ಉಳಿದವರಿಗಿಂತ ಹೆಚ್ಚು. ಆದರೆ ಇಸುಬು ಮೂಡಲು ಆಹಾರವೇ ಕಾರಣ ಎನ್ನುವುದು ಬೇರೆ ಮಾತು, ಬಹಳಷ್ಟು ಶಿಶುಗಳಲ್ಲಿ ಅದು ಸತ್ಯವಲ್ಲ. ಯಾವ ಲಕ್ಷಣವೂ ಇಲ್ಲದೆ ತಾಯಿಗೆ ಮೀನು, ಮೊಟ್ಟೆ, ಹಾಲು ಎಲ್ಲ ನಿಲ್ಲಿಸುವುದರಿಂದ ತಾಯಿ ಸೊರಗುತ್ತಾಳೆ, ಮಗುವಿನ ಚರ್ಮ ಹಾಗೆಯೇ ಇರುತ್ತದೆ.

ಮಗುವಿಗೆ ಮೇಲಾಹಾರ ತಡ ಮಾಡುವುದೂ ಸರಿಯಲ್ಲ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ ಶಿಶುಗಳಿಗೆ ಬೇಗನೆ ಶೇಂಗಾ ತಿನ್ನಿಸಲು ತೊಡಗಿದರೆ ಐದನೆಯ ವರ್ಷಕ್ಕೆ ಶೇಂಗಾ ಅಲರ್ಜಿ ಬಹುಪಾಲು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಅಧ್ಯಯನ 2015ರಲ್ಲಿ ತೋರಿಸಿತು. ನಿಮ್ಮ ಮಗುವಿನ ಇಸುಬು ತೀವ್ರವಾಗಿದ್ದರೆ ವೈದ್ಯರ ಸಲಹೆ ಪಡೆದು, ನುಣ್ಣಗೆ ಅರೆದದ್ದನ್ನು ರಾಗಿ ಮಣ್ಣಿಯಲ್ಲಿ ಸ್ವಲ್ಪವೇ ಬೆರೆಸಿ ಕೊಡಿ. ಇಡೀ ಬೀಜ ಗಂಟಲಿಗೆ ಸಿಕ್ಕುತ್ತದೆ, ಅದನ್ನು ಕೊಡಲೇಬಾರದು.

ಯಲ್ಲಾಪುರದ ಅಪ್ಪ

ಎಲ್ಲ ತುರಿಕೆಯೂ ಇಸುಬಲ್ಲ ಎನ್ನುವುದಕ್ಕೆ ನಮ್ಮ ಮನೆಯೇ ಸಾಕ್ಷಿ. ಒಂಬತ್ತು ತಿಂಗಳ ಮಗನಿಗೆ ಎರಡು ತಿಂಗಳು ಇಸುಬೆಂದು ಮುಲಾಮು ಹಚ್ಚಿದೆವು. ಅವನ ಅಂಗೈ, ಅಂಗಾಲಿನಲ್ಲಿ ನೀರುಗುಳ್ಳೆಗಳಿದ್ದವು. ಆಮೇಲೆ ನನ್ನ ಬೆರಳಸಂದಿಯಲ್ಲಿ, ಹೆಂಡತಿಯ ಸೊಂಟದಲ್ಲಿ ರಾತ್ರಿಯಾದರೆ ತುರಿಕೆ ಶುರುವಾಯಿತು. ಎರಡನೆಯ ವೈದ್ಯರು ಮೂವರನ್ನೂ ಒಟ್ಟಿಗೆ ಕೂರಿಸಿ ನೋಡಿ, ಇದು ಹುಳದಿಂದ ಬರುವ ಕಜ್ಜಿ, ಸ್ಕೇಬಿಸ್ ಎಂದರು. ಪರ್ಮೆಥ್ರಿನ್ ಕ್ರೀಮನ್ನು ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಂಡು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಿ, ಹಾಸಿಗೆ ಬಟ್ಟೆಗಳನ್ನೆಲ್ಲ ಕುದಿಯುವ ನೀರಿನಲ್ಲಿ ತೊಳೆದೆವು. ಅದರ ನಂತರವೇ ಮಗ ನಿದ್ದೆ ಮಾಡಿದ್ದು. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ನಿವೃತ್ತ ದಾದಿ, ಕುಮಟಾ

ಬಹಳ ಒಳ್ಳೆಯ ಎಚ್ಚರಿಕೆ. ತಲೆಯ ಮೇಲೆ ಹಳದಿ ಜಿಡ್ಡಿನ ಹೊಪ್ಪಳಿಕೆಯಾಗಿ, ತುರಿಕೆಯೇ ಇಲ್ಲದೆ ಮಗು ನಗುತ್ತಾ ಇದ್ದರೆ ಅದೂ ಬೇರೆಯದು. ಹುಟ್ಟಿದ ಮೊದಲ ವಾರಗಳಲ್ಲಿ ಬಂದು ತಾನೇ ಹೋಗುತ್ತದೆ. ಶಿಶುವಿನ ಇಸುಬು ಕೆನ್ನೆ, ಹಣೆ, ಕೈಕಾಲುಗಳ ಹೊರಭಾಗವನ್ನು ಹಿಡಿಯುತ್ತದೆ, ಲಂಗೋಟಿ ಕಟ್ಟುವ ತೇವದ ಜಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ.

ಇನ್ನು, ಇವುಗಳನ್ನು ಕಂಡರೆ ಮರುದಿನಕ್ಕೆ ಕಾಯಬೇಡಿ: ಜೇನಿನ ಬಣ್ಣದ ಹೊಪ್ಪಳಿಕೆ, ಕೀವು, ಜ್ವರ, ಒಮ್ಮೆಲೇ ಗುಂಪಾಗಿ ಎದ್ದು ಒಡೆದು ದುಂಡನೆಯ ಗುಳಿ ಬೀಳುವ ನೀರುಗುಳ್ಳೆಗಳು. ಕೊನೆಯದ್ದು ತುಟಿಹುಣ್ಣಿನ ವೈರಸ್ಸಿನಿಂದ ಆಗಿರಬಹುದು, ಶಿಶುವಿಗೆ ಅಪಾಯಕಾರಿ. ಬಾಯಿಯ ಬಳಿ ಅಂಥ ಹುಣ್ಣು ಎದ್ದವರು, ಅವರು ಎಷ್ಟೇ ಹತ್ತಿರದ ನೆಂಟರಾದರೂ, ಮಗುವಿಗೆ ಮುತ್ತು ಕೊಡಬಾರದು.

ಬೆಟ್ಟದ ತೋಟ, ಶಿರಸಿ

ಬಟ್ಟೆಯ ವಿಷಯ ಯಾರೂ ಹೇಳಲಿಲ್ಲ. ಜುಲೈಯಲ್ಲಿ ನಮ್ಮಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತೇವೆ. ಹೊಗೆ ಹಿಡಿದ ಆ ಬಟ್ಟೆ ತೊಡಿಸಿದ ದಿನವೇ ಮಗಳಿಗೆ ಕುತ್ತಿಗೆ ಕೆಂಪಾಗುತ್ತಿತ್ತು. ಈಗ ಮಗುವಿನ ನಾಲ್ಕಾರು ಹತ್ತಿ ಅಂಗಿಗಳನ್ನು ಎರಡು ಬಾರಿ ಚೆನ್ನಾಗಿ ಜಾಲಾಡಿ, ಮಲಗುವ ಕೋಣೆಯಲ್ಲಿ ಫ್ಯಾನಿನಡಿ ಒಣಗಿಸಿ, ಇಸ್ತ್ರಿ ಮಾಡಿ ತೊಡಿಸುತ್ತೇನೆ. ಕಂಬಳಿಯನ್ನು ಮೈಗೆ ತಾಗದಂತೆ ಹತ್ತಿಯ ಸೀರೆಯ ಮೇಲೆ ಹೊದಿಸುತ್ತೇನೆ.

ಸಿದ್ದಾಪುರದ ವೈದ್ಯೆ

ಇದಕ್ಕೆ ಒಂದು ಮುಖ್ಯ ಮಾತು ಸೇರಿಸುತ್ತೇನೆ. ಪೆಟ್ರೋಲಿಯಂ ಜೆಲ್ಲಿ ಮತ್ತು ಇತರ ಜಿಡ್ಡು ಹೀರಿಕೊಂಡ ಬಟ್ಟೆಗೆ ಕಿಡಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ, ತೊಳೆದರೂ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಅಂಥ ಬಟ್ಟೆಯನ್ನು ಒಲೆಯ ಮೇಲೆ ಒಣಹಾಕಬೇಡಿ. ಆ ಬಟ್ಟೆ ತೊಟ್ಟ ಮಗುವನ್ನು ಬಚ್ಚಲೊಲೆಯ ಬಳಿ, ದೀಪದ ಬಳಿ, ಧೂಪದ ಕೆಂಡದ ಬಳಿ ಕೂರಿಸಬೇಡಿ.

ಕಾಳಿ ಸೇತುವೆ, ಸದಾಶಿವಗಡ

ನಮ್ಮ ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ನೀರು ಮೆದುವಾಗಿಸುವ ಯಂತ್ರ ಹಾಕಿಸಿದರೆ ಪ್ರಯೋಜನವಾಗುತ್ತದೆಯೇ?

ಸಿದ್ದಾಪುರದ ವೈದ್ಯೆ

ಆ ಯಂತ್ರ ಉಪ್ಪನ್ನು ತೆಗೆಯುವುದಿಲ್ಲ, ಗಡಸುತನವನ್ನು ಮಾತ್ರ ಇಳಿಸುತ್ತದೆ. ಗಡಸು ನೀರಿನ ಊರುಗಳಲ್ಲಿ ಇಸುಬು ಹೆಚ್ಚು ಕಂಡುಬಂದಿರುವುದು ನಿಜವಾದರೂ, 336 ಮಕ್ಕಳ ಮನೆಗಳಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಯಂತ್ರದಿಂದ ಇಸುಬಿಗೆ ಹೆಚ್ಚುವರಿ ಲಾಭ ಸಿಗಲಿಲ್ಲ. ಆ ಹಣದಲ್ಲಿ ಎರಡು ವರ್ಷದ ಮಾಯಿಶ್ಚರೈಸರ್ ಬರುತ್ತದೆ. ಬೇಸಿಗೆಯಲ್ಲಿ ಕೊನೆಯ ಎರಡು ತಂಬಿಗೆಗಾದರೂ ಸಿಹಿನೀರು ಹೊಯ್ಯಿರಿ.

ಯಲ್ಲಾಪುರದ ಅಪ್ಪ

ಚರ್ಮ ವೈದ್ಯರಿಗೆ ತೋರಿಸಲು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೂ ಇದೆ. ಜಿಲ್ಲೆಯ ಬಹಳ ಮಂದಿ ಹುಬ್ಬಳ್ಳಿ, ಮಣಿಪಾಲ ಅಥವಾ ಗೋವೆಗೆ ಹೋಗುತ್ತಾರೆ. ಕಾರವಾರದಿಂದ ಆರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಸುಮಾರು 165 ಕಿಲೋಮೀಟರ್, ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಅಷ್ಟು ದೂರ ಹೋಗುವುದು ತಾಯಂದಿರಿಗೆ ಎಷ್ಟು ಕಷ್ಟವೆಂದು ಹೋದವರಿಗೇ ಗೊತ್ತು.

ನಿವೃತ್ತ ದಾದಿ, ಕುಮಟಾ

ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೇ ಚರ್ಮರೋಗ ವಿಭಾಗವಿದೆ, ಮೊದಲು ಅಲ್ಲಿಗೆ ಹೋಗಿ. ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆಯೂ ಉಚಿತವಾಗಿದೆ. ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಇಟ್ಟುಕೊಂಡಿರಿ. ಇಸುಬು ವೈದ್ಯರ ಮುಂದೆ ಕೂತ ದಿನ ಮಾತ್ರ ಇಳಿದಿರುತ್ತದೆ ಎನ್ನುವುದು ಎಲ್ಲ ತಾಯಂದಿರ ಅನುಭವ.

ಗಂಗಾವಳಿ ದಂಡೆ, ಅಂಕೋಲಾ

ಒಂಬತ್ತನೆಯ ತಿಂಗಳ ದಡಾರ ಲಸಿಕೆಯನ್ನು ಇಸುಬಿಗಾಗಿ ಮುಂದೂಡಬೇಕೇ? ನಾವು ಮುಂದೂಡಿ ಬೈಸಿಕೊಂಡಿದ್ದೆವು.

ಸಿದ್ದಾಪುರದ ವೈದ್ಯೆ

ಮುಂದೂಡಬಾರದು. ಗಾಯವಿಲ್ಲದ ಜಾಗ ನೋಡಿ ಚುಚ್ಚುತ್ತಾರೆ, ಅಷ್ಟೇ.

ಕಡಲತಡಿಯ ಅಮ್ಮ, ಕಾರವಾರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮತ್ತೆ ವೈದ್ಯರಲ್ಲಿಗೆ ಹೋಗಿ, ಮುಲಾಮನ್ನು ನಡುವೆ ನಿಲ್ಲಿಸಿದ ವಿಷಯವನ್ನು ಮುಚ್ಚಿಡದೆ ಹೇಳಿದೆ. ಅವರು ಎಷ್ಟು ದಿನ ಹಚ್ಚಬೇಕೆಂದು ಕಾಗದದ ಮೇಲೆ ತಾರೀಖಿನ ಸಮೇತ ಬರೆದುಕೊಟ್ಟರು. ಪೂರ್ತಿ ಹಚ್ಚಿದೆ. ಕಡಲೆಹಿಟ್ಟು, ಲೋಬಾನ ಎರಡೂ ನಿಂತಿವೆ. ಮಗಳ ಉಗುರುಗಳನ್ನು ಅವಳು ನಿದ್ದೆಯಲ್ಲಿರುವಾಗ ಮೂರು ದಿನಕ್ಕೊಮ್ಮೆ ಕತ್ತರಿಸುತ್ತೇನೆ. ಕಳೆದ ಶನಿವಾರ ಅವಳು ಮೊದಲ ಬಾರಿಗೆ ಸತತ ಐದು ಗಂಟೆ ಮಲಗಿದಳು. ನಾನು ಎರಡು ಸಲ ಎದ್ದು ಮೂಗಿನ ಬಳಿ ಕೈಯಿಟ್ಟು ನೋಡಿದೆ.

ಒಂದು ಹೊಸ ಚಿಂತೆ ಇದೆ. ವಾಸಿಯಾದ ಎಡಗೆನ್ನೆಯಲ್ಲಿ ನಾಲ್ಕಾಣೆಯಷ್ಟಗಲದ ಬಿಳಿಚಿದ ಕಲೆ ಉಳಿದಿದೆ. ತೊನ್ನು ಇರಬಹುದೇ ಎಂದು ಅತ್ತೆಯವರು ಹೆದರಿ ದೇವರಿಗೆ ಹರಕೆ ಹೇಳಿಕೊಂಡಿದ್ದಾರೆ.

ಸಿದ್ದಾಪುರದ ವೈದ್ಯೆ

ನಮ್ಮ ಬಣ್ಣದ ಚರ್ಮದಲ್ಲಿ ಉರಿಯೂತ ಇಳಿದ ಮೇಲೆ ಹೀಗೆ ಬಿಳಿಚಿದ ಅಥವಾ ಕಪ್ಪಾದ ಕಲೆ ಉಳಿಯುವುದು ಬಹಳ ಸಾಮಾನ್ಯ. ಅಂಚು ಮಸುಕಾಗಿ ಸುತ್ತಲಿನ ಬಣ್ಣದಲ್ಲಿ ಕರಗಿದಂತಿದ್ದರೆ ಅದು ಇಸುಬಿನ ಗುರುತು, ಕೆಲವು ತಿಂಗಳಲ್ಲಿ ಬಣ್ಣ ತಾನಾಗಿಯೇ ಮರಳುತ್ತದೆ. ತೊನ್ನಿನ ಕಲೆ ಸುಣ್ಣದಂತೆ ಬೆಳ್ಳಗಿದ್ದು ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಒಮ್ಮೆ ತೋರಿಸಿ.

ಕಡಲತಡಿಯ ಅಮ್ಮ, ಕಾರವಾರ

ಅಂಚು ಮಸುಕಾಗಿಯೇ ಇದೆ. ನಿಮ್ಮ ಉತ್ತರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಮಗುವನ್ನು ಕಿಟಕಿಯ ಬೆಳಕಿಗೆ ಎತ್ತಿಹಿಡಿದು ಎರಡು ಸಲ ನೋಡಿದರು. ಈಗ ಬಚ್ಚಲಿನಲ್ಲಿ ನೀರಿಗೆ ಮೊಣಕೈ ಅದ್ದುತ್ತಾ, ಕ್ರೀಮಿನ ಡಬ್ಬಿ ಎಲ್ಲಿದೆ ಎಂದು ಕೂಗುತ್ತಿದ್ದಾರೆ. ಹೋಗಿ ಬರುತ್ತೇನೆ.